ಕರುಣರಸ ಮತ್ತು ಗಾಲಿಕುರ್ಚಿ

ತಿಲಕ್ ನಗರದ ನಮ್ಮ ಬೀದಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಹೆಸರು ಬೇಡವೆಂದು ಅವಳೇ ಹೇಳಿರುವುದರಿಂದ ಇಲ್ಲಿ ಬರೆದಿಲ್ಲ. ಒಂಬತ್ತು ವರ್ಷಗಳ ಹಿಂದೆ ಸ್ಕೂಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ‘ಓಡಾಡುತ್ತಾಳೆ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಹಿಂದೊಮ್ಮೆ ನಾನು ಅವಳ ಕುರಿತು ಯಾರಿಗೋ ಬರೆದ ಶಿಫಾರಸು ಪತ್ರದಲ್ಲಿ ‘ಗಾಲಿಕುರ್ಚಿಗೆ ಅಂಟಿಕೊಂಡಿರುವ ನತದೃಷ್ಟೆ’ ಎಂದಿದ್ದೆ. ಪತ್ರವನ್ನು ಓದಿ ನನ್ನ ಕೈಗೇ ಹಿಂದಿರುಗಿಸಿದಳು. “ಅಂಟಿಕೊಂಡಿದ್ದದ್ದು ಮಂಚಕ್ಕೆ, ಮೇಷ್ಟ್ರೇ. ಕುರ್ಚಿ ಬಂದ ಮೇಲಲ್ಲವೆ ನಾನು ಬೀದಿಗೆ ಬಂದದ್ದು?” ಎಂದಳು. ನಲವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಒಂದು ಕ್ರಿಯಾಪದದ ಔಚಿತ್ಯವನ್ನು ಶಿಷ್ಯೆ ಕಲಿಸಬೇಕಾಯಿತು.

ಕಳೆದ ವರ್ಷ ಹತ್ತಿರದ ಬಡಾವಣೆಯೊಂದರ ಸಭಾಂಗಣದಲ್ಲಿ ನನ್ನದೊಂದು ಉಪನ್ಯಾಸವಿತ್ತು. ವಿಷಯ, ಕನ್ನಡ ಕಾವ್ಯದಲ್ಲಿ ಕರುಣರಸ. ಸಭಾಂಗಣ ಮೊದಲನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಈಕೆ ಬಂದದ್ದನ್ನು ಕಂಡು ನಾಲ್ವರು ಉತ್ಸಾಹಿ ತರುಣರು ಕುರ್ಚಿಸಮೇತ ಎತ್ತಿಕೊಂಡು ಮೇಲೆ ತಂದರು. ಸಭಿಕರಲ್ಲಿ ಕೆಲವರು ಕೈತಟ್ಟಿದರು. ಒಬ್ಬ ಹಿರಿಯರು “ಪಾಪ, ಎಂಥ ಸಾಹಿತ್ಯಾಭಿಮಾನ!” ಎಂದದ್ದು ವೇದಿಕೆಯ ಮೇಲಿದ್ದ ನನಗೂ ಕೇಳಿಸಿತು. ನಾನು ಆ ದಿನ ಹೆಚ್ಚು ಚೆನ್ನಾಗಿಯೇ ಮಾತನಾಡಿದೆನೆಂದು ತೋರುತ್ತದೆ, ಕಣ್ಣೊರೆಸಿಕೊಂಡವರೂ ಇದ್ದರು.

ಮರುದಿನ ಸಂಜೆ ಅವಳ ಮನೆಗೆ ಹೋದಾಗ ಮೆಚ್ಚುಗೆಯ ಮಾತನ್ನು ನಿರೀಕ್ಷಿಸಿದ್ದೆ ಎಂದು ಒಪ್ಪಿಕೊಳ್ಳಬೇಕು. ಅವಳು ಹೇಳಿದ್ದಿಷ್ಟು: “ಭಾಷಣ ಚೆನ್ನಾಗಿತ್ತು ಅಂತ ಎಲ್ಲರೂ ಹೇಳಿದರು, ಮೇಷ್ಟ್ರೇ. ನಾನು ಕೇಳಿದ್ದು ಅರ್ಧ. ಉಳಿದ ಅರ್ಧ ಹೊತ್ತು ಇಳಿಸುವಾಗ ಅವರು ಕೈಬಿಟ್ಟರೆ ಏನು ಗತಿ ಅಂತ ಯೋಚಿಸುತ್ತಿದ್ದೆ. ಅಲ್ಲಿನ ಶೌಚಾಲಯದೊಳಗೆ ನನ್ನ ಕುರ್ಚಿ ಹೋಗುವುದಿಲ್ಲ ಅಂತ ಗೊತ್ತಿತ್ತು. ಹಾಗಾಗಿ ಬೆಳಗಿನಿಂದ ನೀರು ಕುಡಿದಿರಲಿಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ ಒಂದು ಪ್ರಶ್ನೆ ಕೇಳಿದಳು. “ನೀವು ಇಷ್ಟೆಲ್ಲ ಓದಿದ್ದೀರಿ. ನನ್ನಂಥ ಹೆಂಗಸು ಯಾವುದಾದರೂ ಪುಸ್ತಕದಲ್ಲಿ ತನ್ನ ಹಣೆಬರಹದ ಮೇಲಲ್ಲ, ಮೆಟ್ಟಿಲಿನ ಮೇಲೆ ಸಿಟ್ಟು ಮಾಡಿಕೊಂಡದ್ದು ಉಂಟೆ?”

ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಎರಡು ಪರಿಭಾಷೆಗಳಿವೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಓದಿದವರಿಗೆ ಅವು ಪರಿಚಿತವೇ. ಯಾರಲ್ಲಿ ಭಾವ ಹುಟ್ಟುತ್ತದೆಯೋ ಆ ವ್ಯಕ್ತಿ ಆಶ್ರಯ. ಯಾರನ್ನು ಕುರಿತು ಹುಟ್ಟುತ್ತದೆಯೋ ಆ ವ್ಯಕ್ತಿ ಆಲಂಬನ. ದುಷ್ಯಂತನಲ್ಲಿ ರತಿ ಹುಟ್ಟುವಾಗ ಶಕುಂತಲೆ ಆಲಂಬನ. ಶಕುಂತಲೆಯಲ್ಲಿ ಹುಟ್ಟುವಾಗ ದುಷ್ಯಂತ ಆಲಂಬನ. ಒಳ್ಳೆಯ ಕಾವ್ಯದಲ್ಲಿ ಪಾತ್ರಗಳು ಹೀಗೆ ಸ್ಥಾನ ಬದಲಿಸುತ್ತ ಹೋಗುತ್ತವೆ. ಈ ಎರಡು ಮಾತುಗಳನ್ನು ಕೈಯಲ್ಲಿ ಹಿಡಿದು ನಮ್ಮ ಸಾಹಿತ್ಯದ ವಿಕಲಾಂಗ ಪಾತ್ರಗಳನ್ನು, ಅದರಲ್ಲಿಯೂ ಹೆಣ್ಣು ಪಾತ್ರಗಳನ್ನು, ಮತ್ತೆ ನೋಡಿಕೊಂಡು ಬಂದೆ. ಕಂಡದ್ದು ನನಗೆ ಸಂತೋಷವನ್ನು ತರಲಿಲ್ಲ.

ಜನ್ನನ ‘ಯಶೋಧರ ಚರಿತೆ’ಯ ಅಷ್ಟಾವಂಕನನ್ನು ಯಾರು ಮರೆತಾರು? ರಾತ್ರಿಯಲ್ಲಿ ಅವನ ಹಾಡು ಕೇಳಿ ಅಮೃತಮತಿ ಸೋಲುತ್ತಾಳೆ. ಹಗಲಲ್ಲಿ ದೂತಿ ಅವನ ಸೊಟ್ಟ ಅಂಗಾಂಗಗಳನ್ನು ಒಂದೊಂದಾಗಿ ವರ್ಣಿಸುತ್ತಾಳೆ. ಆ ವರ್ಣನೆ ಜನ್ನನ ಪ್ರತಿಭೆಗೆ ಸಾಕ್ಷಿಯೆಂದು ತರಗತಿಯಲ್ಲಿ ನಾನು ಎಷ್ಟೋ ಸಲ ಹೇಳಿದ್ದೇನೆ. ಈಗ ಓದಿದಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ದೇಹ ಸೊಟ್ಟಗಿರುವುದೇ ಅಲ್ಲಿ ನೀತಿ ಸೊಟ್ಟಗಿರುವುದಕ್ಕೆ ಗುರುತು. ಜುಗುಪ್ಸೆಗೆ ಅವನು ಆಲಂಬನ. ಅವನ ಮನಸ್ಸಿನೊಳಕ್ಕೆ ಹೋಗುವ ಬಾಗಿಲು ಕಾವ್ಯದಲ್ಲಿ ಇಲ್ಲ. ಹಾಡು ಮಾತ್ರ ಉಂಟು, ಆ ಹಾಡೂ ಕತ್ತಲೆಯಲ್ಲಿ.

ಹೆಣ್ಣಿನ ಕಡೆಗೆ ಬಂದರೆ ಎರಡು ದಾರಿಗಳು ಕಾಣುತ್ತವೆ. ಒಂದು ಭಾಗವತದ ಕುಬ್ಜೆಯದು. ಅವಳು ಕೃಷ್ಣನಿಗೆ ಗಂಧ ಕೊಡುತ್ತಾಳೆ, ಅವನು ಅವಳ ಗೂನನ್ನು ನೆಟ್ಟಗೆ ಮಾಡುತ್ತಾನೆ. ನೆಟ್ಟಗಾದ ಮೇಲೆಯೇ ಅವಳಿಗೆ ಬಯಕೆಯನ್ನು ಆಡಿ ತೋರಿಸುವ ಅಧಿಕಾರ. ಇನ್ನೊಂದು ಮಂಥರೆಯದು. ಅವಳು ನೆಟ್ಟಗಾಗುವುದಿಲ್ಲ, ಆದ್ದರಿಂದ ಕೇಡಿಗಳ ಸಾಲಿನಲ್ಲಿ ನಿಲ್ಲುತ್ತಾಳೆ. ಗುಣವಾಗು, ಇಲ್ಲವೆ ಕೆಡುಕಿಯಾಗು. ಮೂರನೆಯ ದಾರಿಯನ್ನು ಹಳಬರು ಹೆಣ್ಣಿಗೆ ಇಟ್ಟಂತೆ ತೋರುವುದಿಲ್ಲ.

ಇಲ್ಲಿ ಕುವೆಂಪು ಅವರಿಗೆ ನ್ಯಾಯ ಸಲ್ಲಿಸಬೇಕು. ‘ಶ್ರೀ ರಾಮಾಯಣ ದರ್ಶನಂ’ದಲ್ಲಿ ‘ಮಮತೆಯ ಸುಳಿ ಮಂಥರೆ’ ಎಂದು ಭಾಗವೊಂದಕ್ಕೆ ಹೆಸರಿಟ್ಟು, ಸಾವಿರಾರು ವರ್ಷ ಜನ ಉಗಿದ ಆ ಮುದುಕಿಯ ಎದೆಯೊಳಗೆ ತಾಯ್ತನವನ್ನು ಕಂಡ ಕವಿ ಅವರು. ಜಗತ್ತು ಅವಳ ರೂಪವನ್ನು ಅಸಹ್ಯಪಟ್ಟಿತು, ಅದಕ್ಕಾಗಿ ಅವಳ ಪ್ರೀತಿಯೆಲ್ಲ ಒಂದೇ ಕಡೆಗೆ ಸುಳಿಯಾಗಿ ತಿರುಗಿತು ಎಂಬ ಕಾಣ್ಕೆ ಸಾಮಾನ್ಯವಾದುದಲ್ಲ. ಮಂಥರೆ ಇಲ್ಲಿ ಮೊದಲ ಬಾರಿಗೆ ಆಶ್ರಯಳಾದಳು. ಆದರೂ ನನ್ನ ಶಿಷ್ಯೆಯ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದರೆ ಒಂದು ಕೊರತೆ ಉಳಿಯುತ್ತದೆ. ಈ ಮಂಥರೆಯೂ ತನಗಾಗಿ ಏನನ್ನೂ ಕೇಳುವುದಿಲ್ಲ. ಭರತನಿಗೆ ಸಿಂಹಾಸನ ಬೇಕು. ಮಂಥರೆಗೆ ಏನು ಬೇಕು? ಮಹಾಕವಿಯ ಕರುಣೆ ಅವಳಿಗೆ ಹೃದಯವನ್ನು ಕೊಟ್ಟಿತು, ಬೇಡಿಕೆಯನ್ನು ಕೊಡಲಿಲ್ಲ. ಇದನ್ನು ದೋಷವೆಂದು ಹೇಳುವ ಧೈರ್ಯ ನನಗಿಲ್ಲ. ಮಹಾಕಾವ್ಯದ ಹಂದರದಲ್ಲಿ ಅದಕ್ಕೆ ಎಡೆಯೂ ಇರಲಿಲ್ಲವೇನೋ.

ನನ್ನ ಮಟ್ಟಿಗೆ ಈ ಪ್ರಶ್ನೆಗೆ ಹೆಚ್ಚು ಹತ್ತಿರ ಬಂದ ಕನ್ನಡದ ಕೃತಿಯೆಂದರೆ ತ್ರಿವೇಣಿಯವರ ‘ಶರಪಂಜರ’. ಅದು ಗಾಲಿಕುರ್ಚಿಯ ಕಥೆಯಲ್ಲ, ಮನೋರೋಗದ್ದು. ಪುಟ್ಟಣ್ಣ ಕಣಗಾಲರ ಚಿತ್ರವನ್ನು (1971) ನೋಡಿದವರಿಗೆ ಕಲ್ಪನಾ ಅವರ ಕಾವೇರಿ ಇನ್ನೂ ನೆನಪಿರಬೇಕು. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮತ್ತೆ ಕೆಡವುವುದು ಅವಳ ರೋಗವಲ್ಲ. ಗಂಡನ ಅನುಮಾನ, ನೆರೆಯವರ ಪಿಸುಮಾತು, ಮನೆಯ ಆಳುಗಳು ಸಹ ಅವಳನ್ನು ನೋಡುವ ಬಗೆ. ಊನ ವ್ಯಕ್ತಿಯಲ್ಲಿಲ್ಲ, ಅವಳ ಸುತ್ತ ಕಟ್ಟಿದ ಪಂಜರದಲ್ಲಿದೆ. ಇಂದು ಅಂಗವೈಕಲ್ಯದ ಹಕ್ಕುಗಳ ಕುರಿತು ವಿದ್ವಾಂಸರು ದೊಡ್ಡ ಸಿದ್ಧಾಂತವಾಗಿ ಮಂಡಿಸುವ ವಿಚಾರವನ್ನು, 1963ರಲ್ಲಿಯೇ ತೀರಿಕೊಂಡ ಮೈಸೂರಿನ ಈ ಲೇಖಕಿ ಕಾದಂಬರಿಯ ಹೆಸರಿನಲ್ಲಿಯೇ ಹೇಳಿಬಿಟ್ಟಿದ್ದಾರೆ. ‘ಜನಪ್ರಿಯ’ ಎಂದು ಆಕೆಯನ್ನು ಪಕ್ಕಕ್ಕೆ ಸರಿಸಿದ ವಿಮರ್ಶಕರಲ್ಲಿ ನಾನೂ ಒಬ್ಬನಾಗಿದ್ದೆ. ಪಂಜರದ ಬದಲು ಮೆಟ್ಟಿಲು ಎಂದಿಟ್ಟುಕೊಳ್ಳಿ, ನಮ್ಮ ಬೀದಿಯ ಕಥೆಯಾಗುತ್ತದೆ.

ಇನ್ನು ವೃತ್ತಪತ್ರಿಕೆಗಳ ಮಾತು. ಈ ಪುರವಣಿಯೂ ಇದರಿಂದ ಹೊರತಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ವಿಶ್ವಸಂಸ್ಥೆ 1992ರಲ್ಲಿ ಗೊತ್ತುಮಾಡಿದ ಅಂಗವಿಕಲರ ದಿನ ಡಿಸೆಂಬರ್ 3ಕ್ಕೆ ಬರುತ್ತದೆ. ಅಂದು ಒಂದು ವ್ಯಕ್ತಿಚಿತ್ರ. ಮಾರ್ಚ್ 8ರ ಮಹಿಳಾ ದಿನಕ್ಕೆ ಇನ್ನೊಂದು. ಕಾಲಿಲ್ಲದವಳು ಬೆಟ್ಟ ಹತ್ತಿದಳು, ಕೈಯಿಲ್ಲದವಳು ಚಿತ್ರ ಬರೆದಳು. ಓದುಗರು ಬೆಳಗಿನ ಕಾಫಿಯೊಂದಿಗೆ ಬೆರಗಾಗುತ್ತಾರೆ, ‘ನಮಗೆ ಎಲ್ಲ ಇದ್ದೂ ನಾವು ಗೊಣಗುತ್ತೇವಲ್ಲ’ ಎಂದು ಪುಟ ತಿರುಗಿಸುತ್ತಾರೆ. ಇದನ್ನು ಪ್ರಗತಿಯೆಂದು ನಾನೂ ತಿಳಿದಿದ್ದೆ. ಆಗಿರುವುದೇನು? ಶೋಕದ ಜಾಗಕ್ಕೆ ವಿಸ್ಮಯ ಬಂದಿದೆ, ಕರುಣದ ಜಾಗಕ್ಕೆ ಅದ್ಭುತ ಬಂದಿದೆ. ಅವಳು ಮಾತ್ರ ಕುಳಿತಲ್ಲಿಯೇ ಇದ್ದಾಳೆ, ಆಲಂಬನವಾಗಿ. ಕ್ರೋಧಕ್ಕೆ ಅವಳು ಆಶ್ರಯಳಾಗುವುದನ್ನು ನಾವು ಸಹಿಸುವುದಿಲ್ಲ.

ಮಾಲತಿ ಹೊಳ್ಳರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಎಳೆಗೂಸಾಗಿದ್ದಾಗಲೇ ಪೋಲಿಯೋಗೆ ತುತ್ತಾದ ಈ ಆಟಗಾರ್ತಿ 1988ರ ಸಿಯೋಲ್ ಪ್ಯಾರಾಲಿಂಪಿಕ್ಸ್‌ನಿಂದ ಮೊದಲ್ಗೊಂಡು ಹಲವು ದೇಶಗಳಲ್ಲಿ ಗಾಲಿಕುರ್ಚಿಯ ಓಟ, ಗುಂಡು, ಚಕ್ರ, ಭರ್ಜಿಗಳಲ್ಲಿ ಸ್ಪರ್ಧಿಸಿದವರು; 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದವರು. ಅವರನ್ನು ಕುರಿತು ಬಂದ ಎಷ್ಟೋ ಲೇಖನಗಳನ್ನು ಈಚೆಗೆ ಒಟ್ಟಿಗೆ ಕೂತು ಓದಿದೆ. ಶಸ್ತ್ರಚಿಕಿತ್ಸೆಗಳ ಎಣಿಕೆ ಒಂದು ಕಡೆ, ಪದಕಗಳ ಎಣಿಕೆ ಇನ್ನೊಂದು ಕಡೆ. ನೋವು ಇಷ್ಟು, ಗೆಲುವು ಇಷ್ಟು, ತಾಳೆಯಾಯಿತು. ಅವರು ಬ್ಯಾಂಕಿನಲ್ಲಿ ದುಡಿಯುತ್ತಲೇ ಮಾತೃ ಪ್ರತಿಷ್ಠಾನವನ್ನು ಕಟ್ಟಿ ಅಂಗವಿಕಲ ಮಕ್ಕಳಿಗೆ ಮನೆ ಮಾಡಿದ್ದು ಸಾಮಾನ್ಯವಾಗಿ ಕೊನೆಯ ಪ್ಯಾರಾದಲ್ಲಿ, ದಯೆಯ ಕಾರ್ಯವೆಂಬಂತೆ ಬರುತ್ತದೆ. ಅದು ದಯೆಯಲ್ಲ, ವಾದ. ಈ ಮಕ್ಕಳೂ ಶಾಲೆಗೆ ಹೋಗತಕ್ಕವರು, ಇವರಿಗೂ ಇರಲು ಎಡೆ ಬೇಕು ಎಂದು ಮಾತಿನ ಬದಲು ಕಟ್ಟಡದಲ್ಲಿ ಮಂಡಿಸಿದ ವಾದ. ಲೇಖಕರ ಕಣ್ಣು ಪದಕದ ಹೊಳಪಿನಿಂದ ಆಚೆಗೆ ಹೋಗಲಿಲ್ಲ.

ಇದಕ್ಕೂ ಹಿಂದಿನ ಒಂದು ಹೆಸರನ್ನು ನಮ್ಮ ಊರು ಇನ್ನೂ ಹೆಚ್ಚಾಗಿ ನೆನೆಯಬೇಕಾಗಿತ್ತು. 1959ರಲ್ಲಿ, ಬೆಂಗಳೂರಿನಲ್ಲಿ, ಪೋಲಿಯೋ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅಂಗವಿಕಲರ ಸಂಘವೊಂದನ್ನು ಸ್ಥಾಪಿಸಿದರು. ಎ.ಪಿ.ಡಿ. ಎಂಬ ಹೆಸರಿನಲ್ಲಿ ಇಂದು ಅದು ಲಿಂಗರಾಜಪುರದಲ್ಲಿ ಶಾಲೆಯಾಗಿ, ತರಬೇತಿ ಕೇಂದ್ರವಾಗಿ, ಜೀವನ್ ಬಿಮಾ ನಗರದಲ್ಲಿ ತೋಟಗಾರಿಕೆಯ ಶಿಕ್ಷಣವಾಗಿ ಬೆಳೆದಿದೆ. 1959 ಎಂದರೆ ಏನು? ಅಂಗವಿಕಲರಿಗೆಂದು ದೇಶದ ಸಮಗ್ರ ಕಾನೂನು ಬಂದದ್ದು 1995ರಲ್ಲಿ. ಆ ಕಾನೂನಿಗೆ 36 ವರ್ಷ ಮೊದಲೇ ಒಬ್ಬ ಹೆಣ್ಣುಮಗಳು, ತನಗಾಗಿ ಯಾರಾದರೂ ಏನಾದರೂ ಮಾಡಿಯಾರೆಂದು ಕಾಯದೆ, ತನ್ನಂಥವರ ಪರವಾಗಿ ನಿಂತರು. ಆ ಕಾಲದ ಕಥೆಗಾರರ ಕೈಗೆ ಸಿಕ್ಕಿದ್ದರೆ ಆಕೆ ಕೊನೆಯ ಪುಟದಲ್ಲಿ ಕಿಟಕಿಯ ಬಳಿ ಕುಳಿತು ತಂಗಿಯ ಮದುವೆಯ ಓಲಗವನ್ನು ಕೇಳುತ್ತಿರುತ್ತಿದ್ದರು. ಸಾಹಿತ್ಯಕ್ಕಿಂತ ಊರು ಮುಂದಿತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪದಗಳ ವಿಚಾರವನ್ನೂ ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಕುಂಟಿ ಎಂಬುದನ್ನು ಬಿಟ್ಟು ಅಂಗವಿಕಲೆ ಎಂದೆವು, ಸರಿ. ಸರ್ಕಾರ ‘ವಿಕಲಚೇತನ’ ಎಂದು ಇಲಾಖೆಗೇ ಹೆಸರಿಟ್ಟಿತು. ಚೇತನವೇ ವಿಕಲವಾದವರು! ಊನವಿರುವುದು ಕಾಲಿನಲ್ಲಿ, ನಾವು ಹಚ್ಚಿದ್ದು ಚೈತನ್ಯಕ್ಕೆ. 2015ರ ಬಳಿಕ ದೆಹಲಿಯಿಂದ ‘ದಿವ್ಯಾಂಗ’ ಬಂದಿತು. ದೇವರನ್ನು ತಂದು ಅಂಗಕ್ಕೆ ಕಟ್ಟಿದ ಮೇಲೆ ಮೆಟ್ಟಿಲಿನ ಪ್ರಶ್ನೆಯನ್ನು ಮನುಷ್ಯರ ಮುಂದೆ ಇಡುವುದೇ ಕಷ್ಟ. ಇವುಗಳ ನಡುವೆ ‘ಗಾಲಿಕುರ್ಚಿ’ ಎಂಬ ಮಾತು ಮಾತ್ರ ನನಗೆ ಹಿಡಿಸಿದೆ. ಅಚ್ಚಕನ್ನಡದ ಗಾಲಿಗೆ ನಮ್ಮದೇ ಆಗಿಹೋದ ಕುರ್ಚಿ ಸೇರಿ, ಯಾವ ಅಳುವೂ ಯಾವ ಸ್ತುತಿಯೂ ಇಲ್ಲದೆ ವಸ್ತುವನ್ನು ವಸ್ತುವೆಂದು ಹೇಳುತ್ತದೆ.

ಮರಾಠಿಯಲ್ಲಿಯೂ ಹೀಗೆಯೇ. ನಮ್ಮ ಗಡಿಯಾಚೆಯ ಕೊಲ್ಹಾಪುರದ ನಸೀಮಾ ಹುರ್ಜೂಕ್ ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಚಾಕಾಚಿ ಖುರ್ಚಿ’, ಅಂದರೆ ಗಾಲಿಕುರ್ಚಿಯೇ. ಶಿಷ್ಯೆಯ ಪ್ರಶ್ನೆಗೆ ಉತ್ತರವಾಗಿ ನಾನು ಒಪ್ಪಿಸಿದ ಮೂರು ಪುಸ್ತಕಗಳಲ್ಲಿ ಇದು ಮೊದಲನೆಯದು. ಹದಿನಾರರ ಹರೆಯದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ನಸೀಮಾ, ಮುಂದೆ ಸರ್ಕಾರಿ ಕೆಲಸದಲ್ಲಿದ್ದು, 1984ರಲ್ಲಿ ‘ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್’ ಸಂಸ್ಥೆಯನ್ನು ಕಟ್ಟಿದರು. ಅವರ ಬದುಕಿನ ತಿರುವು ಯಾವುದು? ಯಾವ ಸಾಧುವಿನ ಉಪದೇಶವೂ ಅಲ್ಲ. ತಮ್ಮಂಥದೇ ಸ್ಥಿತಿಯಲ್ಲಿದ್ದೂ ಸ್ವತಂತ್ರವಾಗಿ ಬಾಳುತ್ತಿದ್ದ ಇನ್ನೊಬ್ಬರನ್ನು ಕಣ್ಣಾರೆ ಕಂಡದ್ದು. ಈ ಒಂದು ಸಂಗತಿಗಾಗಿಯೇ ಈ ಪುಸ್ತಕವನ್ನು ಓದಬೇಕು. ‘ಧೈರ್ಯ ತಂದುಕೋ’ ಎಂದು ಸಾವಿರ ಜನ ನಡೆಯುವವರು ಹೇಳಿದರೂ ಆಗದ ಕೆಲಸ, ಕುರ್ಚಿಯಲ್ಲಿ ಕುಳಿತ ಒಬ್ಬರು ಎದುರಿಗೆ ಬಂದಾಗ ಆಗುತ್ತದೆ. ಪುಸ್ತಕದ ಗುಣವೂ ಅದೇ: ಉಪದೇಶ ಕಡಮೆ, ಕಂಡದ್ದು ಹೆಚ್ಚು.

ಎರಡನೆಯದು ಮುಂಬಯಿಯ ಮಾಲಿನಿ ಛಿಬ್ ಅವರ ‘ಒನ್ ಲಿಟಲ್ ಫಿಂಗರ್’ (2010). ಸೆರೆಬ್ರಲ್ ಪಾಲ್ಸಿಯಿಂದಾಗಿ ಮಾತೂ ತೊಡಕು, ಕೈಯೂ ತೊಡಕು. ಇಡೀ ಪುಸ್ತಕವನ್ನು ಒಂದು ಬೆರಳಿನಿಂದ ಟೈಪು ಮಾಡಿದವರು. ನಮ್ಮ ಪತ್ರಿಕೆಯವರಿಗೆ ಆ ಬೆರಳೊಂದೇ ಸಾಕು ಬೆರಗಾಗಲು. ಆದರೆ ಲೇಖಕಿ ಬೆರಳನ್ನು ಹೆಸರಿನಲ್ಲಿಟ್ಟು, ಒಳಗೆ ಬೇರೆಯದನ್ನೇ ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಓದುವಾಗ ವಿದ್ಯುಚ್ಚಾಲಿತ ಕುರ್ಚಿಯಲ್ಲಿ ಒಬ್ಬರೇ ಅಂಗಡಿಗೆ, ತರಗತಿಗೆ ಹೋಗಿ ಬರುತ್ತಿದ್ದವರು, ಊರಿಗೆ ಮರಳಿದೊಡನೆ ಮತ್ತೊಬ್ಬರ ಕೈಗೆ ಬಿದ್ದರು. ದೇಹ ಅದೇ, ಬೀದಿ ಬೇರೆ. ಕಾವೇರಿಯ ಪಂಜರವಲ್ಲವೆ ಇದು? ಒಂಟಿತನ, ಬಯಕೆ, ಗೆಳೆತನಗಳ ಕುರಿತು ಆಕೆ ಬರೆದಿರುವ ಪುಟಗಳನ್ನು ಓದುವಾಗ ನನ್ನಂಥ ಹಳಬನಿಗೆ ಮುಜುಗರವಾಯಿತು. ಆ ಮುಜುಗರ ನನ್ನದು, ಆಕೆಯ ದೋಷವಲ್ಲ. ಪುಸ್ತಕದಲ್ಲಿ ಕೆಲವು ಕಡೆ ವಿವರ ಉದ್ದವಾಯಿತು, ಸಂಸ್ಥೆಯ ಚರಿತ್ರೆ ಕಥೆಯ ಮೇಲೆ ಕುಳಿತಿತು ಎನ್ನಿಸಿದ್ದೂ ಉಂಟು. ಹೀಗೆಂದು ಹೇಳುವುದು ನಿರ್ದಯೆಯಲ್ಲ. ಕುರ್ಚಿಯಲ್ಲಿ ಕುಳಿತು ಬರೆದವಳ ವಾಕ್ಯವನ್ನು ಬೇರೆಯವರ ವಾಕ್ಯದಂತೆಯೇ ತೂಗಬೇಕು. ತೂಗದೆ ಹೊಗಳುವುದು ಆಕೆಯನ್ನು ನಾಲ್ವರು ಸೇರಿ ಎತ್ತಿ ಮಹಡಿಗೆ ತಂದಂತೆಯೇ.

ಮೂರನೆಯದು ಅಮೆರಿಕದ ಜೂಡಿತ್ ಹ್ಯೂಮನ್ (1947–2023) ಅವರ ‘ಬೀಯಿಂಗ್ ಹ್ಯೂಮನ್’ (2020). ಇದರಲ್ಲಿ ನನ್ನ ಶಿಷ್ಯೆ ಹುಡುಕುತ್ತಿದ್ದ ಸಿಟ್ಟು ಧಾರಾಳವಾಗಿದೆ. ಪೋಲಿಯೋ ತಗುಲಿದ ಐದು ವರ್ಷದ ಮಗುವನ್ನು ಶಾಲೆಗೆ ಸೇರಿಸಲು ತಾಯಿ ಹೋದಾಗ, ಈ ಗಾಲಿಕುರ್ಚಿ ಬೆಂಕಿಯ ಅಪಾಯ ಎಂದು ಹೇಳಿ ಕಳಿಸಿದರಂತೆ. ಬೆಳೆದು ಉಪಾಧ್ಯಾಯಿನಿಯಾಗಲು ಹೊರಟರೆ 1970ರಲ್ಲಿ ನ್ಯೂಯಾರ್ಕಿನ ಶಿಕ್ಷಣ ಮಂಡಳಿ ಅನುಮತಿ ಕೊಡಲಿಲ್ಲ. ನ್ಯಾಯಾಲಯಕ್ಕೆ ಹೋಗಿ ಪಡೆದರು. 1977ರಲ್ಲಿ ಅಂಗವಿಕಲರ ಹಕ್ಕಿನ ನಿಯಮಗಳಿಗೆ ಸಹಿ ಹಾಕದೆ ಸರ್ಕಾರ ತಡೆಹಿಡಿದಾಗ, ನೂರಕ್ಕೂ ಹೆಚ್ಚು ಮಂದಿಯೊಡನೆ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದಲ್ಲಿ ಮೂರು ವಾರಕ್ಕೂ ಮೀರಿ ಧರಣಿ ಕುಳಿತು, ಸಹಿ ಹಾಕಿಸಿಕೊಂಡೇ ಎದ್ದರು. ‘ಎದ್ದರು’ ಎಂದು ಬರೆದದ್ದಕ್ಕೆ ಶಿಷ್ಯೆ ನಗುತ್ತಾಳೆ, ಇರಲಿ. ಈ ಪುಸ್ತಕದ ನಾಯಕಿಗೆ ಶೋಕ ಸ್ಥಾಯಿಯಲ್ಲ, ಉತ್ಸಾಹ ಸ್ಥಾಯಿ. ನಮ್ಮ ಶಾಸ್ತ್ರದ ಪ್ರಕಾರ ಇದು ವೀರರಸದ ಕೃತಿ. ಅದೂ ಪರ್ವತ ಹತ್ತಿದ ವೀರವಲ್ಲ, ಅರ್ಜಿ ಬರೆದ ವೀರ.

ಮೂರನ್ನೂ ಓದಿ ಮುಗಿಸಿದ ಶಿಷ್ಯೆ ಕೇಳಿದ ಪ್ರಶ್ನೆ ಸರಳವಾಗಿತ್ತು. “ಒಂದೂ ಕನ್ನಡದ್ದಲ್ಲವಲ್ಲ, ಮೇಷ್ಟ್ರೇ?”

ಬರೆಯಬಾರದೇಕೆ, ನೀನೇ ಬರೆ ಎಂದೆ. ಹೇಳುವುದು ಸುಲಭ. ಅವಳ ತಾಯಿ ಅಡುಗೆಮನೆಯಿಂದಲೇ, “ಬೇಡಮ್ಮ, ಊರಿನವರ ಹತ್ತಿರವೆಲ್ಲ ಜಗಳ ಯಾಕೆ? ನಾಳೆ ಆಸ್ಪತ್ರೆಗೆ ಹೋಗಬೇಕಾದರೆ ಅವರೇ ಬರಬೇಕು ಎತ್ತೋದಕ್ಕೆ” ಎಂದರು. ಈ ಮಾತಿನಲ್ಲಿ ಅಡಗಿರುವ ಭಯ ಕಡಮೆಯದಲ್ಲ. ಬಾಯಿಬಿಟ್ಟು ಕೇಳುವ ಹೆಣ್ಣಿಗೆ ಕನ್ನಡದಲ್ಲಿ ಗಯ್ಯಾಳಿ ಎಂಬ ಬಿರುದು ಸಿದ್ಧವಾಗಿದೆ. ತೇಜಸ್ವಿಯವರು ‘ಕಿರಗೂರಿನ ಗಯ್ಯಾಳಿಗಳು’ ಬರೆದು ಅದಕ್ಕೆ ಸ್ವಲ್ಪ ಮರ್ಯಾದೆ ತಂದರು. ಗಾಲಿಕುರ್ಚಿಯವಳು ಕೇಳಿದರೆ ಬಿರುದು ಇನ್ನೂ ಕಠಿಣ: ಕೃತಘ್ನೆ. ದಿನವೂ ಒಬ್ಬರಲ್ಲ ಒಬ್ಬರ ಸಹಾಯ ಪಡೆಯುವವಳು ದೂರು ಹೇಳಬಾರದು. ಗಂಡಸು ಕುರ್ಚಿಯಲ್ಲಿದ್ದರೆ ಹೋರಾಟಗಾರ, ಹೆಂಗಸಾದರೆ ಸಿಡುಕಿ. ಹೆಣ್ಣುಮಗಳನ್ನು ಹೊರಗೆ ಕಳಿಸಲು ಮನೆಯವರಿಗಿರುವ ಅಂಜಿಕೆ, ಎತ್ತುವ ಕೈಗಳು ಯಾರವೆಂಬ ಸಂಕೋಚ, ಶೌಚಾಲಯದ ಚಿಂತೆ, ಇವೆಲ್ಲ ಸೇರಿ ಅವಳ ಬಾಯಿಗೆ ಬೀಗ ಹಾಕುತ್ತವೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಹೆಣ್ಣುಮಕ್ಕಳೆಷ್ಟು ಮಂದಿಯನ್ನು ನೀವು ಕಳೆದ ವಾರ ಬೀದಿಯಲ್ಲಿ ಕಂಡಿರಿ?

ಪೋಲಿಯೋ ಹೋಯಿತು, 2014ರ ಮಾರ್ಚಿಯಲ್ಲಿ ಭಾರತ ಪೋಲಿಯೋಮುಕ್ತವೆಂದು ಪ್ರಮಾಣಪತ್ರವೂ ಬಂದಿತು. ಹೇಮಾ ಅವರ, ಮಾಲತಿಯವರ ಪೀಳಿಗೆಯ ಆ ಕಾರಣ ಮುಗಿಯಿತು, ಒಳ್ಳೆಯದು. ಆದರೆ ನಮ್ಮ ಬಡಾವಣೆಯ ಪಕ್ಕದಲ್ಲೇ, ಬೈರಸಂದ್ರದ ಸಂಜಯ್ ಗಾಂಧಿ ಅಪಘಾತ ಚಿಕಿತ್ಸೆಯ ಆಸ್ಪತ್ರೆಯ ಮುಂದೆ ಒಂದು ಗಂಟೆ ನಿಂತರೆ ಹೊಸ ಕಾರಣ ಯಾವುದೆಂದು ತಿಳಿಯುತ್ತದೆ. ರಸ್ತೆ. ನಾಳೆ ಯಾರ ಮನೆಗೆ ಕುರ್ಚಿ ಬರುತ್ತದೆಯೋ ಹೇಳಲಾಗದು.

ಅವಳು ಬರೆದಳು. ಆತ್ಮಕಥೆಯನ್ನಲ್ಲ, ಆ ಸಭಾಂಗಣದ ಕುರಿತು ಮೂರು ಪುಟ. ತಿದ್ದಿಕೊಡಿ ಎಂದು ನನ್ನ ಬಳಿ ಕಳಿಸಿದಳು. ನಾನು ಸಂತೋಷದಿಂದಲೇ ತಿದ್ದಿದೆ. ಆರಂಭಕ್ಕೆ ಒಂದು ಸುಭಾಷಿತ ಸೇರಿಸಿದೆ. ‘ವಿಧಿಯ ಕ್ರೂರ ಹಸ್ತ’ ಎಂಬುದನ್ನು ಎರಡನೆಯ ಪ್ಯಾರಾದಲ್ಲಿ ಕೂರಿಸಿದೆ. ಕೊನೆಗೆ ‘ದಯಾಳುಗಳಾದ ತಾವು’ ಎಂದು ಮುಗಿಸಿದೆ. ಮೂರು ದಿನದ ಬಳಿಕ ಹಾಳೆ ಹಿಂದಕ್ಕೆ ಬಂದಿತು. ನನ್ನ ಮಾತುಗಳ ಮೇಲೆಲ್ಲ ಕೆಂಪು ಗೆರೆ. ಉಳಿದಿದ್ದದ್ದು ಹೀಗೆ: ಮೆಟ್ಟಿಲು 21. ಒಂದೊಂದೂ ಏಳು ಅಂಗುಲ. ಕೈಪಿಡಿ ಒಂದೇ ಬದಿಗೆ. ಶೌಚಾಲಯದ ಬಾಗಿಲು 24 ಅಂಗುಲ. ನನ್ನ ಕುರ್ಚಿ 25. ಈ ಸಭಾಂಗಣಕ್ಕೆ ನಾನು ಮೂರು ಸಲ ಬಂದಿದ್ದೇನೆ, ಮೂರು ಸಲವೂ ನೀರು ಕುಡಿಯದೆ ಬಂದಿದ್ದೇನೆ. ನೆಲಮಹಡಿಯ ಕೊಠಡಿ ಸಂಜೆ ಖಾಲಿ ಇರುತ್ತದೆ.

ವಿಮರ್ಶಕನಾಗಿ ಹೇಳುತ್ತೇನೆ: ನಾನು ಸೇರಿಸಿದ ಒಂದು ಮಾತೂ ಅಲ್ಲಿ ನಿಲ್ಲುವಂತಿರಲಿಲ್ಲ. ‘ಬಾಗಿಲು 24, ನನ್ನ ಕುರ್ಚಿ 25’ ಎಂಬಲ್ಲಿ ಒಂದು ಅಂಗುಲದ ಅಂತರದಲ್ಲಿ ಇಡೀ ಅವಮಾನ ಧ್ವನಿತವಾಗಿದೆ. ಅದನ್ನು ವಾಚ್ಯ ಮಾಡಿದರೆ ಕೆಡುತ್ತದೆ. ಕೊನೆಯ ವಾಕ್ಯವಂತೂ ಬೇಡುವುದೇ ಇಲ್ಲ, ಪರಿಹಾರವನ್ನು ಮೇಜಿನ ಮೇಲೆ ಇಟ್ಟು ಸುಮ್ಮನಾಗುತ್ತದೆ. ಅರ್ಜಿಯನ್ನು ಸಾಹಿತ್ಯಪ್ರಕಾರವೆಂದು ನಾವು ಎಣಿಸಿಲ್ಲ. ಎಣಿಸಿದ್ದರೆ ಕನ್ನಡದ ಹೆಣ್ಣುಮಕ್ಕಳ ಎಷ್ಟೋ ಒಳ್ಳೆಯ ಗದ್ಯ ಕಚೇರಿಗಳ ಕಡತದಿಂದ ಹೊರಗೆ ಬಂದೀತು.

ಕಾನೂನು ಅವಳ ಕಡೆಗಿದೆ ಎಂಬುದನ್ನು ಎರಡು ಮಾತಿನಲ್ಲಿ ಹೇಳಬಹುದು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ಸಾರ್ವಜನಿಕ ಕಟ್ಟಡಗಳಿಗೆ ಪ್ರವೇಶವನ್ನು ಹಕ್ಕೆಂದಿದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜೀವ್ ರತೂರಿಯವರ ಪ್ರಕರಣದಲ್ಲಿ, ಇಂಥ ನಿಯಮಗಳು ಬರಿಯ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. ಇಳಿಜಾರು ಒಂದಡಿ ಏರಲು ಹನ್ನೆರಡಡಿ ಉದ್ದವಿರಬೇಕೆಂಬುದು ಗೊತ್ತಾದ ಲೆಕ್ಕ. ನಮ್ಮ ತಿಲಕ್ ನಗರದ ಮನೆಗಳ ಮುಂದೆಯೂ ಇಳಿಜಾರುಗಳಿವೆ. ಅವು ಸ್ಕೂಟರು ಹತ್ತಿಸುವುದಕ್ಕೆ, ಒಂದಡಿಗೆ ಮೂರಡಿ. ಸ್ಕೂಟರಿಗೆ ಇರುವ ಮರ್ಯಾದೆ ಎಂದು ಶಿಷ್ಯೆ ಹೇಳುತ್ತಾಳೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಆರಂಭವಾದಾಗ ಜಯದೇವ ಆಸ್ಪತ್ರೆಯ ನಿಲ್ದಾಣದ ಲಿಫ್ಟನ್ನು ನೋಡಲೆಂದೇ ಹೊರಟಳು. ನಿಲ್ದಾಣದೊಳಗೆ ತೊಂದರೆಯಾಗಲಿಲ್ಲವಂತೆ. ಮನೆಯಿಂದ ಅಲ್ಲಿಯವರೆಗಿನ ಕಾಲುದಾರಿಯನ್ನು ಕುರಿತು ಅವಳು ಈಗ ಎರಡನೆಯ ಲೇಖನ ಬರೆಯುತ್ತಿದ್ದಾಳೆ. ಅದಕ್ಕೆ ಮೂರು ಪುಟ ಸಾಲದು ಎಂದಿದ್ದಾಳೆ.

ಪ್ರೋತ್ಸಾಹ ಎಂಬ ಮಾತನ್ನು ನಾವು ಹಗುರವಾಗಿ ಬಳಸುತ್ತೇವೆ. ಶಾಲು ಹೊದಿಸುವುದು, ಹಣ್ಣಿನ ಬುಟ್ಟಿ ಕೊಡುವುದು, ‘ಸ್ಫೂರ್ತಿಯ ಸೆಲೆ’ ಎಂದು ಬಣ್ಣಿಸುವುದು. ನಸೀಮಾ ಅವರ ಪುಸ್ತಕ ನನಗೆ ತೋರಿಸಿಕೊಟ್ಟದ್ದು ಇನ್ನೊಂದು ಬಗೆಯದು. ಈ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಕಾಣುವಂತಾಗಬೇಕು. ಈಗ ನಮ್ಮ ಬೀದಿಯಲ್ಲಿ ಅದು ಸಣ್ಣದಾಗಿ ನಡೆಯುತ್ತಿದೆ. ಗುರುತಿನ ಚೀಟಿಯ, ಪಿಂಚಣಿಯ ಅರ್ಜಿ ತುಂಬಿಸಿಕೊಳ್ಳಲು ಬರುವ ಇಬ್ಬರು ಹೆಂಗಸರು, ಗಾಲಿಕುರ್ಚಿಯವರೇ, ಶಿಷ್ಯೆಯ ಮನೆಯಲ್ಲಿ ಭಾನುವಾರ ಸೇರುತ್ತಾರೆ. ಅವರಲ್ಲೊಬ್ಬಾಕೆ ಮನೆಯಿಂದ ಹೊರಗೆ ಬಂದು ನಾಲ್ಕು ವರ್ಷವಾಗಿತ್ತು. ಮೊದಲ ದಿನ ಏನೂ ಮಾತನಾಡಲಿಲ್ಲ. ಎರಡನೆಯ ಭಾನುವಾರ, ತನ್ನ ಮನೆಯ ಬಾಗಿಲ ಅಳತೆಯನ್ನು ಚೀಟಿಯಲ್ಲಿ ಬರೆದು ತಂದಿದ್ದಳು.

ಹಳ್ಳಿಗಳ ಕಡೆ ನೋಡಿದರೆ, ಗ್ರಾಮ ಪಂಚಾಯತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರೆಂದು ಅಂಗವಿಕಲರನ್ನೇ ಗೌರವಧನದ ಮೇಲೆ ನೇಮಿಸುವ ಪದ್ಧತಿಯನ್ನು ನಮ್ಮ ರಾಜ್ಯ ಇಟ್ಟುಕೊಂಡಿದೆ. ಹೆಣ್ಣುಮಕ್ಕಳೂ ಅಲ್ಲಿದ್ದಾರೆ, ಒಂದು ಪಂಚಾಯತಿಯ ಮನೆಮನೆಗೂ ಹೋಗಿ, ಯಾರ ಮನೆಯ ಹಿತ್ತಿಲಲ್ಲಿ ಯಾರು ಕುಳಿತಿದ್ದಾರೆಂದು ಬಲ್ಲವರು ಅವರು. ಅವರ ದಿನಚರಿಗಳನ್ನು ಯಾರಾದರೂ ಪ್ರಕಾಶಕರು ಕೇಳಿ ಪಡೆದರೆ, ನಮ್ಮ ಗ್ರಾಮಜೀವನದ ಕಾದಂಬರಿಗಳಲ್ಲಿ ಬಾರದ ಗ್ರಾಮವೊಂದು ಅಚ್ಚಾದೀತೆಂದು ನನ್ನ ಆಸೆ. ವೀರರಸವೋ ರೌದ್ರವೋ ಆಮೇಲೆ ನಿರ್ಧರಿಸಬಹುದು, ಮೊದಲು ಬರಲಿ.

ಸಭಾಂಗಣದವರಿಂದ ಉತ್ತರ ಬಂದಿದೆ. ಮುಂದಿನ ತಿಂಗಳ ಕಾರ್ಯಕ್ರಮ ನೆಲಮಹಡಿಯ ಕೊಠಡಿಯಲ್ಲಂತೆ. ಅವಳೂ ಮಾತನಾಡಬೇಕೆಂದು ಕೇಳಿದ್ದಾರೆ. ‘ನನ್ನ ಸಾಹಸದ ಬದುಕು’ ಎಂದು ವಿಷಯ ಸೂಚಿಸಿದ್ದರು. ಅವಳು ಹೊಡೆದುಹಾಕಿ ‘ಬಾಗಿಲುಗಳು’ ಎಂದು ಬರೆದು ಕಳಿಸಿದ್ದಾಳೆ. ಒಪ್ಪಿಕೊಳ್ಳುವ ಮೊದಲು ಕೆಳಗಿನ ಶೌಚಾಲಯದ ಬಾಗಿಲು ಎಷ್ಟು ಅಂಗುಲವೆಂದು ಗೊತ್ತಾಗಬೇಕು ಎಂದು ನಿನ್ನೆ ಟೇಪು ನನ್ನ ಕೈಗೆ ಕೊಟ್ಟಳು. ನಾಳೆ ಬೆಳಗ್ಗೆ ಹೋಗಿ ಅಳೆದು ಬರಬೇಕು.